ಬೋರ್ಡು ಎತ್ತಿ ಹಿಡಿದರೆ ಬಂದೆ ಎಂದರ್ಥ

ತಾ. ೧೪, ಗುರುವಾರ
ಅಂಗಡಿಯಿಂದ, ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ಮರೆಗುಳಿ ಮಹಾರಾಯರಿಗೆ,

ಹೇಗಿದ್ದೀರಿ? ಕೆಮ್ಮು ನಿಂತಿತೇ? ಹೋದ ತಿಂಗಳು ಫೋನಿನಲ್ಲಿ ನಿಮ್ಮ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಆ ನೀರಿನ ಟ್ಯಾಂಕ್ ಮಾಡುವ ಫ್ಯಾಕ್ಟರಿಯಲ್ಲಿ ಫೈಬರ್ ಉಜ್ಜುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುತ್ತೀರೋ ಇಲ್ಲವೋ ಎಂದು ಕೇಳಬೇಕೆಂದಿದ್ದೆ. ಕೇಳಿ ಏನು ಬಂತು, ಇಲ್ಲಿ ಅಲೆಯ ಮೇಲೆ ಜಾರುವ ಸರ್ಫಿಂಗ್ ಬೋರ್ಡು ರಿಪೇರಿ ಮಾಡುವಾಗಲೂ ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಷೆಡ್ಡು ತುಂಬ ಹುಡುಕಿದವರು ನೀವು. ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರಾ? ನಾಲ್ಕು ಜನ ಮಲಗುವ ಕೋಣೆ ಎಂದಷ್ಟೇ ಹೇಳಿದ್ದಿರಿ. ಉಳಿದ ಮೂವರು ಯಾರು, ಎಂಥವರು, ನಿಮ್ಮ ಗೊರಕೆಯನ್ನು ಹೇಗೆ ತಡೆದುಕೊಳ್ಳುತ್ತಾರೆ, ಕೋಣೆಗೆ ಕಿಟಕಿ ಇದೆಯೋ ಇಲ್ಲವೋ, ಒಂದೂ ಹೇಳಲಿಲ್ಲ. ಬಲ ಭುಜದ ನೋವಿಗೆ ಡಾಕ್ಟರು ಕೊಟ್ಟ ಮುಲಾಮು ಇಲ್ಲೇ ಕಪಾಟಿನಲ್ಲಿ ಉಳಿದಿದೆ. ಅಲ್ಲಿ ಹೊಸದು ಕೊಂಡುಕೊಂಡಿದ್ದೀರಿ ಎಂದು ನಂಬಿದ್ದೇನೆ, ಅಂದರೆ ಕೊಂಡಿಲ್ಲ ಎಂದು ಗೊತ್ತಿದ್ದರೂ ಹಾಗೆ ಬರೆಯುತ್ತಿದ್ದೇನೆ.

ಮೇಲೆ ಮರೆಗುಳಿ ಎಂದು ಬರೆದುಬಿಟ್ಟೆ, ಕೈಯ ಅಭ್ಯಾಸ. ಹೊಡೆದುಹಾಕೋಣ ಎಂದುಕೊಂಡೆ, ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆ ಎಂದು ಬಿಟ್ಟೆ. ಫೋನ್ ಮಾಡಬಹುದಿತ್ತು ನಿಜ. ಆದರೆ ಹಿಂದಿನಿಂದ ನಿಮ್ಮ ಮಗಳು ಚೋಟುವಿನ ಸದ್ದು ಕೇಳಿದ ಕೂಡಲೇ ನೀವು ಏನೋ ನೆಪ ಹೇಳಿ ಇಟ್ಟುಬಿಡುತ್ತೀರಿ. ಹೋದ ಸಲ "ಸೈರನ್ ಆಯ್ತು, ಇಡ್ತೀನಿ" ಎಂದಿರಿ. ಅವತ್ತು ಭಾನುವಾರ, ಫ್ಯಾಕ್ಟರಿಗೆ ರಜೆ. ಸುಳ್ಳು ಹೇಳಲು ಬಾರದ ಮನುಷ್ಯ ಸುಳ್ಳು ಹೇಳಿದರೆ ಹೀಗೇ ಆಗುವುದು. ಅದಕ್ಕೇ ಕಾಗದ. ಕಾಗದವನ್ನು ಅರ್ಧಕ್ಕೆ ಇಟ್ಟುಬಿಡಬೇಡಿ, ಕೊನೆಯ ತನಕ ಓದಿ. ಎದುರಿಗೆ ಹೊಲಿಗೆ ಯಂತ್ರ ಇದೆ, ಅದರಲ್ಲಿ ಯಾವುದೋ ಹೋಟೆಲಿನ ಅಂಗಳಕ್ಕೆ ಹಾಕುವ ಕ್ಯಾನ್ವಾಸ್ ಚಪ್ಪರ ಅರ್ಧ ಹೊಲಿದು ನಿಂತಿದೆ. ಯಜಮಾನರು ಊಟಕ್ಕೆ ಹೋಗಿದ್ದಾರೆ. ನಿಮ್ಮ ವಕೀಲರು ಕಳಿಸಿದ ಕವರು ಸೋಮವಾರ ಬಂತು. ಅದರ ವಿಷಯ ಆಮೇಲೆ ಬರೆಯುತ್ತೇನೆ, ಮೊದಲು ಮನೆಯ ಸುದ್ದಿ.

ಅತ್ತೆ ಗಟ್ಟಿಯಾಗಿದ್ದಾರೆ. ಮಂಡಿ ನೋವು ಇದೆ, ಅದನ್ನು ಬೈದುಕೊಂಡೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ನಾನು ಅಂಗಡಿಗೆ ಬಂದ ಮೇಲೆ ಇಡೀ ದಿನ ಚೋಟು ಅವರ ಕೈಯಲ್ಲೇ. ನಿಮ್ಮ ಹೆಸರನ್ನು ಮಾತ್ರ ಬಾಯಿಗೆ ತರುವುದಿಲ್ಲ. ಪಕ್ಕದ ಮನೆಯಾಕೆ ಒಂದು ದಿನ ಮಗ ಯಾವಾಗ ಬರುತ್ತಾನೆ ಎಂದು ಕೇಳಿದ್ದಕ್ಕೆ, "ನಂಗಿರೋದು ಸೊಸೆ, ಮೊಮ್ಮಗಳು, ಅಷ್ಟೇ ಕಣಮ್ಮ" ಎಂದು ಬಾಗಿಲು ಹಾಕಿಕೊಂಡರು. ಲೋಕದಲ್ಲೆಲ್ಲ ಅತ್ತೆಯಂದಿರು ಮಗನ ಪರ, ನಮ್ಮ ಮನೆಯಲ್ಲಿ ತಿರುಗುಮುರುಗು. ರಾತ್ರಿ ನನ್ನ ಪಕ್ಕ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ "ನಿನ್ನಂಥೋಳ್ನ ಕಟ್ಕೊಂಡು ಅವನು ಹಿಂಗ್ ಮಾಡ್ದ್ನಲ್ಲ" ಎನ್ನುತ್ತಾರೆ. ನಾನು ಎಣ್ಣೆಯ ಬಟ್ಟಲನ್ನು ಅವರ ಹತ್ತಿರಕ್ಕೆ ತಳ್ಳುತ್ತೇನೆ. ಇನ್ನೇನು ಮಾಡಲಿ, ಹೇಳಿ. ಆದರೆ ಮೊನ್ನೆ ನಿಮ್ಮ ಕವರು ಬಂದಾಗ ಅದರ ಮೇಲಿನ ಊರಿನ ಮುದ್ರೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಪಾತ್ರೆ ತೊಳೆಯುತ್ತಾ, ಯಾರನ್ನೋ ವಿಚಾರಿಸಿದ ಹಾಗೆ, "ಹೊಟ್ಟೆ ತುಂಬ ತಿಂತಾನಂತಾ?" ಎಂದರು. ತಿನ್ನುತ್ತಾರಂತೆ ಎಂದೆ. ಹಾಗಾಗಿ ದಯವಿಟ್ಟು ತಿನ್ನಿ.

ಚೋಟುವಿಗೆ ಈಗ ಒಂದು ವರ್ಷ ಎಂಟು ತಿಂಗಳು. ನೀವು ಇಟ್ಟ ಹೆಸರು ಇನ್ನೂ ಸಲ್ಲುತ್ತದೆ, ಚೋಟುದ್ದವೇ ಇದ್ದಾಳೆ. ಕೂರುತ್ತಾಳೆ, ಬೆನ್ನಿಗೆ ದಿಂಬು ಬೇಕು. ತೆವಳುತ್ತಾಳೆ, ಎಡಗಾಲು ಹಿಂದೆ ಉಳಿದುಕೊಳ್ಳುತ್ತದೆ. ಎಡಗೈಯ ಮುಷ್ಟಿ ಬಿಚ್ಚುವುದು ಕಡಿಮೆ. ಮಾತು ಒಂದೂ ಇಲ್ಲ. ಕರೆದರೆ ತಿರುಗುತ್ತಾಳೆ, ಆದರೆ ಸ್ವಲ್ಪ ತಡವಾಗಿ, ನಾವು ಕರೆದದ್ದನ್ನು ಮರೆತು ಬೇರೆ ಕೆಲಸಕ್ಕೆ ಹೋದ ಮೇಲೆ. ದೊಡ್ಡ ಡಾಕ್ಟರು ಪ್ರತಿ ಸಲವೂ "ಕಾದು ನೋಡೋಣ" ಎನ್ನುತ್ತಾರೆ. ಮೊದಲೆಲ್ಲ ಆ ಮಾತನ್ನು ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದರು, ಈಗ ಚೀಟಿ ಬರೆಯುತ್ತಾ ಹೇಳುತ್ತಾರೆ. ಏನನ್ನು ಕಾಯಬೇಕು ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ವ್ಯಾಯಾಮ ಮಾಡಿಸುವ ಹುಡುಗಿ ಮಂಗಳವಾರ, ಶುಕ್ರವಾರ ಮನೆಗೇ ಬರುತ್ತಾಳೆ. ಗೋಡೆಗೆ ಒರಗಿಸಿದ್ದ ನಿಮ್ಮ ಉದ್ದನೆಯ ಬೋರ್ಡನ್ನು ಅವಳು ನೋಡಿ, "ಇದನ್ನ ಇಷ್ಟು ದಿನ ಯಾಕ್ ಹೇಳ್ಲಿಲ್ಲ ಅಕ್ಕ" ಎಂದು ನನ್ನನ್ನೇ ಗದರಿಸಿ, ಅದನ್ನು ಕೆಳಗೆ ಮಲಗಿಸಿ, ಎರಡೂ ಪಕ್ಕಕ್ಕೆ ಹಳೇ ರಗ್ಗು ಒತ್ತಿ, ಮೇಲೆ ಚೋಟುವನ್ನು ಬೋರಲು ಹಾಕಿದಳು. ಕುತ್ತಿಗೆಗೂ ಬೆನ್ನಿಗೂ ಒಳ್ಳೆಯದಂತೆ. ಚೋಟು ತಲೆ ಎತ್ತಿ, ಬಲಗೈಯಿಂದ ನೆಲವನ್ನು ಬಾಚುತ್ತಾಳೆ. ನೀವು ನೋಡಿದ್ದರೆ ನಗುತ್ತಿದ್ದಿರೋ, ಕೋಣೆ ಬಿಟ್ಟು ಹೋಗುತ್ತಿದ್ದಿರೋ ಗೊತ್ತಿಲ್ಲ. ನಾನು ಮೊದಲ ದಿನ ಕೋಣೆ ಬಿಟ್ಟು ಹೋದೆ. ಈಗ ಅಭ್ಯಾಸವಾಗಿದೆ.

ಆ ಬೋರ್ಡಿಗೆ ಚೀಲ ಹೊಲಿಸಲು ತಾನೇ ನೀವು ಮೊದಲ ಸಲ ಈ ಅಂಗಡಿಗೆ ಬಂದದ್ದು. ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡು ಬಂದಿದ್ದಿರಿ, ದಾರಿಯಲ್ಲಿ ಬೆವರಿಗೆ ಅರ್ಧ ಅಳಿಸಿತ್ತು. ಉಳಿದರ್ಧವನ್ನು ನಂಬಿ ಹೊಲಿದೆ, ಒಂದು ಗೇಣು ಗಿಡ್ಡವಾಯಿತು. ಜಗಳ ಆಡಲು ಬರುತ್ತೀರಿ ಎಂದುಕೊಂಡರೆ, "ಬೋರ್ಡ್ ಮೂತಿ ಹೊರಗಿದ್ರೆ ಉಸಿರಾಡೋಕೆ ಒಳ್ಳೇದಲ್ವಾ" ಎಂದು ಹಾಗೇ ಒಯ್ದಿರಿ. ಅವತ್ತೇ ನಿಮಗೆ ಮರೆಗುಳಿ ಎಂದು ಹೆಸರಿಟ್ಟೆ. ನೀವು ನನಗೆ ಅಳತೆಯಮ್ಮ ಎಂದಿಟ್ಟಿರಿ. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ಬೀಗದ ಕೈ ಕಳೆದರೆ ನೀವು ಕಳೆದದ್ದು, ಸಿಕ್ಕಿದರೆ ನಾನು ಹುಡುಕಿದ್ದು. ಹಾಲು ಉಕ್ಕಿದರೆ ನೀವು ಒಲೆಯ ಮೇಲೆ ಇಟ್ಟು ಮರೆತದ್ದು, ಇಟ್ಟವಳು ನಾನೇ ಆದರೂ. ಎಷ್ಟೋ ಸಲ ನಾನೇ ಮರೆತು, ಬಾಯಿ ಮುಚ್ಚಿಕೊಂಡಿದ್ದೇನೆ. ನೀವು ತಲೆ ಕೆರೆದುಕೊಂಡು "ನಾನೇ ಇರ್ಬೇಕು" ಎನ್ನುತ್ತಿದ್ದಿರಿ, ನಾನು ನಗುತ್ತಿದ್ದೆ. ತಮಾಷೆ ಎಂದೇ ತಿಳಿದಿದ್ದೆ.

ಚೋಟು ಹುಟ್ಟುವ ಮೊದಲು ನಾವು ಒಟ್ಟಿಗೆ ನೀರಿಗೆ ಇಳಿಯುತ್ತಿದ್ದೆವು, ನೆನಪಿದೆಯೇ? ಅಲೆ ಬರುವ ತನಕ ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತು ಅತ್ತೆಯ ಅಡುಗೆಯಿಂದ ಹಿಡಿದು ಯಜಮಾನರ ಜಿಪುಣತನದ ತನಕ ಎಲ್ಲ ಮಾತಾಡುತ್ತಿದ್ದೆವು. ಗಂಡ ಹೆಂಡತಿಗೆ ಅಷ್ಟು ಒಳ್ಳೆಯ ಹಜಾರ ಬೇರೆ ಎಲ್ಲಿಯೂ ಸಿಗಲಿಕ್ಕಿಲ್ಲ. ಮಗು ಆದ ಮೇಲೆ ಒಟ್ಟಿಗೆ ಇಳಿಯುವುದು ನಿಂತು ಸರದಿ ಶುರುವಾಯಿತು. ಒಬ್ಬರು ಕೊಡೆಯ ಕೆಳಗೆ ಮಗುವಿನ ಹತ್ತಿರ, ಒಬ್ಬರು ನೀರಿನಲ್ಲಿ, ನಲವತ್ತು ನಿಮಿಷಕ್ಕೆ ಬದಲಿ. ಮೊದಮೊದಲು ಎಷ್ಟು ಶಿಸ್ತು. ಬಂದವರು ಮೈ ಒರೆಸಿಕೊಂಡು ಮಗುವನ್ನು ಕೈಗೆ ತೆಗೆದುಕೊಂಡ ಮೇಲೆಯೇ ಇನ್ನೊಬ್ಬರು ಏಳಬೇಕು. ಆಮೇಲೆ ಅದು ಸಡಿಲವಾಯಿತು. ಮೈ ಒರೆಸಿಕೊಳ್ಳುವುದರಲ್ಲೇ ಐದು ನಿಮಿಷ ಹಾಳು ಎಂದು ನೀವೇ ಹೊಸ ಕ್ರಮ ತಂದಿರಿ. ದಡಕ್ಕೆ ಬಂದವರು ಬೋರ್ಡನ್ನು ಎರಡು ಕೈಯಿಂದ ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದರೆ, ನಾನು ಬಂದೆ, ಇನ್ನು ಮಗು ನನ್ನದು, ನೀನು ಹೋಗು ಎಂದರ್ಥ. ಕೊಡೆಯ ಕೆಳಗಿನವರು ಆಗಲೇ ಓಡಬಹುದು. ನೀರಿನ ಅಂಚಿನಲ್ಲಿ ಇಬ್ಬರೂ ಎದುರಾಗುತ್ತಿದ್ದೆವು. "ಹಾಲು ಕುಡಿದಿದಾಳೆ, ಮಲಗಿದಾಳೆ" ಎಂದು ಒಬ್ಬರು, "ಬಂಡೆ ಕಡೆ ಸೆಳೆತ ಇದೆ, ಹುಷಾರು" ಎಂದು ಇನ್ನೊಬ್ಬರು. ಆ ಕೆಲವು ತಿಂಗಳು ನಮ್ಮ ಸಂಸಾರದ ಮಾತೆಲ್ಲ ಅಷ್ಟೇ ಆಗಿತ್ತು. ಆ ನಲವತ್ತು ಹೆಜ್ಜೆಯಷ್ಟು ಹೊತ್ತು ಮಗು ಯಾರದ್ದೂ ಅಲ್ಲ ಎಂದು ನಮಗೆ ಹೊಳೆಯಲೇ ಇಲ್ಲ. ನಮ್ಮ ಈ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ಒಂದು ಮಾತನ್ನು ಹೇಳಿಬಿಡುತ್ತೇನೆ, ಆಗ ಹೇಳಬೇಕಿತ್ತು. ನಿಮ್ಮ ನಲವತ್ತು ನಿಮಿಷ ಯಾವತ್ತೂ ನಲವತ್ತು ಇರಲಿಲ್ಲ. ನೀರಿಗೆ ಇಳಿದರೆ ನಿಮಗೆ ಹೊತ್ತು ತಿಳಿಯುವುದಿಲ್ಲ, ಗಂಟೆ ದಾಟಿದ ಮೇಲೆ ಹಲ್ಲು ಕಿರಿಯುತ್ತಾ ಬರುತ್ತಿದ್ದಿರಿ. ನನ್ನ ನಲವತ್ತು ಇಪ್ಪತ್ತಕ್ಕೇ ಮುಗಿಯುತ್ತಿತ್ತು, ಯಾಕೆಂದರೆ ಮಗು ಅತ್ತರೆ ಹಾಲು ನನ್ನ ಹತ್ತಿರವೇ ಇರುವುದು. ನೀವು ದಡದಲ್ಲಿ ನಿಂತು ಟವೆಲ್ ಬೀಸುತ್ತಿದ್ದಿರಿ, ನಾನು ಒಳ್ಳೆಯ ಅಲೆಗೆ ಬೆನ್ನು ಹಾಕಿ ವಾಪಸ್ ಬರುತ್ತಿದ್ದೆ. ಆ ದಿನದ ಹಿಂದಿನ ಹತ್ತೊಂಬತ್ತು ದಿನ ನಾನು ನೀರನ್ನೇ ಮುಟ್ಟಿರಲಿಲ್ಲ. ಮಗುವಿಗೆ ಜ್ವರ, ಆಮೇಲೆ ನನಗೆ ಜ್ವರ, ಆಮೇಲೆ ನಿಮಗೆ ಎರಡು ಪಾಳಿ ಕೆಲಸ. ಹತ್ತೊಂಬತ್ತು ದಿನವನ್ನು ಎಣಿಸಿದ್ದೆ, ಅಳತೆಯಮ್ಮ ಅಲ್ಲವೇ. ನಿಮ್ಮ ಮೇಲೆ ಸಿಟ್ಟಿತ್ತು, ಮಗುವಿನ ಮೇಲೂ ಇತ್ತು. ಏಳು ತಿಂಗಳ ಕೂಸಿನ ಮೇಲೆ ಎಂಥ ಸಿಟ್ಟು ಎನ್ನಬೇಡಿ. ಇತ್ತು, ಅಷ್ಟೇ.

ಆ ದಿನ ಅಲೆಗಳು ಹೇಗಿದ್ದವು ಎಂದು ನಿಮಗೆ ಹೇಳಬೇಕಾಗಿಲ್ಲ. ಉಬ್ಬರ ದೊಡ್ಡದಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಅದಕ್ಕೇ ಕೊಡೆಯನ್ನು, ನೀರು ಏರಿ ನಿಲ್ಲುವ ಒಣಗಿದ ಪಾಚಿಯ ಗೆರೆಗಿಂತ ಮೇಲೆ ನೆಟ್ಟಿದ್ದೆವು. ಮೊದಲ ಸರದಿ ನಿಮ್ಮದು. ನಾನು ಹೊಲಿದ ಕ್ಯಾನ್ವಾಸ್ ಬುಟ್ಟಿಯಲ್ಲಿ ಚೋಟು ಮಲಗಿದ್ದಳು. ಬಿಸಿಲು ಸರಿದಂತೆ ಕೊಡೆಯನ್ನು ಸರಿಸುತ್ತಾ, ಅಲೆ ಹತ್ತಿರದಿಂದ ಕಾಣಲಿ ಎಂದು ಬುಟ್ಟಿ ಸಮೇತ ಹತ್ತು ಹೆಜ್ಜೆ ಕೆಳಗೆ ಬಂದೆ. ಐವತ್ತು ನಿಮಿಷವಾಯಿತು. ಸೆಳೆತ ನಿಮ್ಮನ್ನು ಬಂಡೆಗಳ ಕಡೆಗೆ ಒಯ್ದಿತ್ತು, ಅಲ್ಲಿ ದಡಕ್ಕೆ ಬಂದಿರಿ. ಆಮೇಲೆ ನೀವು ಡಾಕ್ಟರಿಗೂ ಅತ್ತೆಗೂ ಹೇಳಿದಂತೆ, ದೂರದಿಂದ ಕೊಡೆ ಕಂಡಿತು, ಕೊಡೆ ಇದೆ ಎಂದರೆ ನಾನಿದ್ದೇನೆ ಎಂದುಕೊಂಡಿರಿ, ಇನ್ನೊಂದೇ ಒಂದು ಅಲೆ ಎಂದು ಮತ್ತೆ ಇಳಿದಿರಿ. ಅಷ್ಟರಲ್ಲಿ ನಾನು ನನ್ನ ಬೋರ್ಡು ಹಿಡಿದು ಈ ಕಡೆಯಿಂದ ಇಳಿದಾಗಿತ್ತು. ಮಧ್ಯದಲ್ಲಿ ಏನಾಯಿತು ಎಂಬುದನ್ನು ನಾನು ಎಲ್ಲರಿಗೂ ಹೇಳಿದ್ದೇನೆ, ನಿಮಗೂ ಹೇಳಿದ್ದೇನೆ. ಇಬ್ಬರೂ ನೀರಿನಲ್ಲಿ, ಒಬ್ಬರಿಗೊಬ್ಬರು ಕಾಣದಷ್ಟು ದೂರ. ನನಗೆ ಒಂದು ಅಲೆ ಸಿಕ್ಕಿತು, ಅಂಥದ್ದು ಅದಕ್ಕೆ ಮುಂಚೆ ಯಾವತ್ತೂ ಸಿಕ್ಕಿರಲಿಲ್ಲ. ಬಂಡೆಯ ತನಕ ಒಯ್ಯುವುದು ಎನ್ನಿಸುವಷ್ಟು ಉದ್ದ. ಅದರ ಮೇಲೆ ನಿಂತು ನಾನು ಜೋರಾಗಿ ಕೂಗಿದೆ, ಖುಷಿಗೆ. ಆ ಕೂಗು ಮುಗಿಯುವ ಮೊದಲೇ ದಡದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ತಾತ ಬಟ್ಟೆ ಸಮೇತ ನೀರಿಗೆ ಧಾವಿಸುವುದು ಕಂಡಿತು.

ಕೊಡೆಯ ತನಕ ಏರಿ ಬಂದ ಅಲೆಯಲ್ಲಿ ಬುಟ್ಟಿ ಮೊದಲು ತೇಲಿತಂತೆ, ತಾತ ಹೇಳಿದ್ದು. ಆಮೇಲೆ ಮಗುಚಿಕೊಂಡಿತು. ಹೊಲಿಗೆ ಗಟ್ಟಿ ಇದ್ದದ್ದೇ ಕೆಟ್ಟದ್ದಾಯಿತು, ಒಳಗೆ ಬಂದ ನೀರು ಹೊರಗೆ ಹೋಗಲಿಲ್ಲ. ನಾನು ದಡ ತಲುಪುವಾಗ ತಾತ ಅವಳನ್ನು ಅಂಗೈ ಮೇಲೆ ಬೋರಲು ಹಾಕಿ ಬೆನ್ನು ತಟ್ಟುತ್ತಿದ್ದರು. ಸುತ್ತ ಹತ್ತು ಹದಿನೈದು ಜನ. ಬಣ್ಣ ಹೇಗಿತ್ತು ಎಂದು ಬರೆಯಲಾರೆ. ಆ ತುದಿಯಿಂದ ನೀವು ಓಡಿ ಬಂದಿರಿ. ಓಡುವಾಗಲೂ ಬೋರ್ಡು ತಲೆಯ ಮೇಲೆ, ನಿಮಗೆ ಅದನ್ನು ಕೆಳಗೆ ಹಾಕಬೇಕು ಎಂದೂ ತೋಚಿರಲಿಲ್ಲ. ಅವಳು ಒಮ್ಮೆ ಕೆಮ್ಮಿದಳು, ಉಸಿರು ಬಂತು. ಆಗ ತಾತ ತಲೆಯೆತ್ತಿ, "ಮಗೂನ ಯಾರ್ ಹತ್ರ ಬಿಟ್ ಹೋಗಿದ್ರಿ?" ಎಂದು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು, ತಾಯಿ ನಾನೇ ಅಲ್ಲವೇ. ನಾನು ಹೇಳಿದೆ, "ಇವ್ರು ಬೋರ್ಡ್ ಎತ್ತಿದ್ರು. ನೋಡ್ಕೊಂಡೇ ನಾನ್ ಹೋಗಿದ್ದು." ನೀವು ನನ್ನ ಮುಖ ನೋಡಿದಿರಿ, ಆಮೇಲೆ ತಲೆಯ ಮೇಲಿದ್ದ ಬೋರ್ಡನ್ನು ಇಳಿಸಿ ಅದನ್ನು ನೋಡಿದಿರಿ. "ಎತ್ತಿದ್ನಾ?" ಎಂದಿರಿ. ನನ್ನನ್ನಲ್ಲ, ನಿಮ್ಮನ್ನೇ ಕೇಳಿಕೊಂಡ ಹಾಗಿತ್ತು. ನಾನು "ಎತ್ತಿದ್ರಿ" ಎಂದೆ. ಬಂಡೆಗಳ ಮೇಲೆ ನಡೆಯುವಾಗ ನೀವು ಬೋರ್ಡನ್ನು ತಲೆಯ ಮೇಲೆ ಹೊರುತ್ತೀರಿ, ಅದು ಎಲ್ಲರಿಗೂ ಗೊತ್ತಿತ್ತು. ನಿಮಗೂ ಗೊತ್ತಿತ್ತು. ಅಷ್ಟು ಸಾಕಾಯಿತು. ತಾತ ನಿಮ್ಮ ಕಡೆ ತಿರುಗಿ ಉಗಿದರು, ನೀವು ತಲೆ ತಗ್ಗಿಸಿದಿರಿ.

ಆಸ್ಪತ್ರೆಯ ಹನ್ನೊಂದು ದಿನ ನೀವು ಕಾರಿಡಾರಿನ ಬೆಂಚು ಬಿಟ್ಟು ಒಳಗೆ ಬರಲಿಲ್ಲ. ನರ್ಸು "ಅಪ್ಪ ಬಂದು ಎತ್ಕೊಳ್ಳಿ, ಅಮ್ಮ ಸ್ವಲ್ಪ ಮಲಗ್ಲಿ" ಎಂದಾಗ "ನನ್ ಕೈಗೆ ಕೊಡ್ಬೇಡಿ" ಎಂದು ಹಿಂದೆ ಸರಿದಿರಿ. ಮನೆಗೆ ಬಂದ ಮೇಲೂ ಹಾಗೆಯೇ. ನಾಲ್ಕು ತಿಂಗಳಲ್ಲಿ ಒಂದೇ ಒಂದು ಸಲ ಅವಳನ್ನು ಎತ್ತಿಕೊಳ್ಳಲಿಲ್ಲ. ಅವಳಿದ್ದ ಕೋಣೆಗೆ ಬರುವ ಮೊದಲು ನಾನೋ ಅತ್ತೆಯೋ ಇದ್ದೇವೆಯೇ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ಕೆಲಸದಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಮೂರು ಸಲ ಬರೆದು ಗುರುತು ಹಾಕಿಕೊಳ್ಳುತ್ತಿದ್ದಿರಿ. ಅಂಗಿಯ ಜೇಬಿನ ತುಂಬ ಚೀಟಿಗಳು: ಗ್ಯಾಸ್ ಆರಿಸಿದ್ದೇನೆ, ಬಾಗಿಲು ಹಾಕಿದ್ದೇನೆ. ತಮಾಷೆಯ ಮನುಷ್ಯ ನೀವು. ಒಂದು ಗೇಣು ಗಿಡ್ಡವಾದ ಚೀಲವನ್ನು ನಗುತ್ತಾ ಒಯ್ದವರು. ನನ್ನ ಕಣ್ಣೆದುರೇ ನೀವು ದಿನಕ್ಕಿಷ್ಟು ಕಡಿಮೆಯಾಗುತ್ತಾ ಹೋದಿರಿ, ನಾನು ನಿಮಗೆ ಊಟ ಬಡಿಸುತ್ತಾ ಹೋದೆ. ಒಂದು ಮಧ್ಯಾಹ್ನ "ನಾನಿಲ್ದಿದ್ರೆ ಅವಳಿಗೆ ಒಳ್ಳೇದು" ಎಂದಿರಿ. ನಾನು ಬಟ್ಟೆ ಮಡಚುತ್ತಿದ್ದೆ. ಮರುವಾರ ನೀರು ಕಾಣದ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೋದಿರಿ. ಬಸ್ಸಿನ ಕಿಟಕಿಯಿಂದ ಕೂಡ ತಿರುಗಿ ನೋಡಲಿಲ್ಲ, ನಾನು ನಿಂತೇ ಇದ್ದೆ.

ಈಗ ನಿಮ್ಮ ಕವರು. ಮೂರು ಹಾಳೆ, ಮೂರು ಕಡೆ ಪೆನ್ಸಿಲಿನಲ್ಲಿ ಅಡ್ಡ ಗೆರೆ ಹಾಕಿ ನಾನು ಸಹಿ ಮಾಡಬೇಕಾದ ಜಾಗ ತೋರಿಸಿದ್ದಾರೆ. ಎಷ್ಟು ಸಲ ಓದಿದೆನೋ, ಬಾಯಿಪಾಠವಾಗಿದೆ. ಮಗಳನ್ನು ನೋಡಿಕೊಳ್ಳಲು ನೀವು ತಕ್ಕವರಲ್ಲವಂತೆ, ನಿಮ್ಮ ಅಜಾಗರೂಕತೆಯಿಂದಲೇ ಆಕೆಗೆ ಈ ಸ್ಥಿತಿ ಬಂದದ್ದಂತೆ, ಆದ್ದರಿಂದ ಆಕೆಯ ಮೇಲಿನ ಹಕ್ಕನ್ನೆಲ್ಲ ನನಗೆ ಬಿಟ್ಟುಕೊಡುತ್ತೀರಂತೆ, ನೋಡಲು ಬರುವ ಹಕ್ಕೂ ಬೇಡವಂತೆ. ನಿಮ್ಮ ಸಹಿ ಆಗಲೇ ಬಿದ್ದಿದೆ, ಅಂಕುಡೊಂಕಿಲ್ಲದೆ, ನಿಧಾನವಾಗಿ ಹಾಕಿದ ಸಹಿ. ಜೊತೆಗೊಂದು ಚೀಟಿ: "ಬೇಗ ಸಹಿ ಹಾಕಿ ಕಳಿಸು. ಇದೊಂದನ್ನ ಮರೀಲಿಲ್ಲ ನೋಡು." ಆ ಚೀಟಿಯನ್ನು ಓದಿ ಅಂಗಡಿಯಲ್ಲೇ ಅತ್ತುಬಿಟ್ಟೆ. ಯಜಮಾನರು ಸೂಜಿ ಚುಚ್ಚಿತೇ ಎಂದು ಕೇಳಿದರು, ಹೌದು ಎಂದೆ. ನನಗೆ ಸುಳ್ಳು ಸಲೀಸಾಗಿ ಬರುತ್ತದೆ. ಹಾಳೆಗಳನ್ನು ಈ ಕಾಗದದ ಜೊತೆಗೇ ಇಡುತ್ತಿದ್ದೇನೆ.

ನೀವು ಬರುತ್ತೀರಿ ಎಂಬ ಆಸೆಯನ್ನು ಬಿಟ್ಟಿದ್ದೇನೆ, ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಬಂದರೂ ಯಾವ ಮನೆಗೆ ಬರುತ್ತೀರಿ? ಹುಣ್ಣು ಮಾಡಿಕೊಂಡ ಕಡೆಯೇ ಮತ್ತೆ ಮತ್ತೆ ತಾಗುವ ಹಾಗೆ, ಈ ಮನೆಯಲ್ಲಿ ಪ್ರತಿಯೊಂದೂ ನಿಮಗೆ ತಾಗುತ್ತದೆ. ಚೋಟು ನಡೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ನಡೆಯುವುದಿಲ್ಲ ಎಂದೇ ನನ್ನ ಮನಸ್ಸು ಹೇಳುತ್ತದೆ, ಡಾಕ್ಟರು ಚೀಟಿ ಬರೆಯುವ ರೀತಿಯೂ ಅದನ್ನೇ ಹೇಳುತ್ತದೆ. ನಾನು ಆಮೇಲೆ ಒಂದು ದಿನವೂ ನೀರಿಗೆ ಇಳಿದಿಲ್ಲ, ಇಳಿಯುವುದೂ ಇಲ್ಲ. ಇಳಿಯಬೇಕು ಎನ್ನಿಸುತ್ತದೆ, ಅದೇ ನನಗೆ ನಾಚಿಕೆ. ಅಂಗಡಿಯ ಹಿಂದಿನ ಕಿಟಕಿಯಿಂದ ಕಡಲು ಕಾಣುತ್ತದೆ, ನಾನು ಯಂತ್ರವನ್ನು ಈ ಕಡೆ ತಿರುಗಿಸಿ ಹಾಕಿಸಿಕೊಂಡಿದ್ದೇನೆ. ಇನ್ನೇನು ಬರೆಯಲಿ. ಯಜಮಾನರು ಬರುವ ಹೊತ್ತಾಯಿತು.

ಮೈ ಕಡೆ ನೋಡಿಕೊಳ್ಳಿ. ಮಾಸ್ಕ್ ಮೂಗಿನ ಮೇಲಿರಲಿ. ಕೋಣೆಯ ಆ ಮೂವರಿಗೆ ನನ್ನ ನಮಸ್ಕಾರ ಹೇಳಿ, ನಿಮ್ಮ ಗೊರಕೆಗೆ ಕ್ಷಮೆಯನ್ನೂ ಕೇಳಿ. ಅತ್ತೆ ಆಶೀರ್ವಾದ ಬರೆ ಎಂದು ಹೇಳಿಲ್ಲ, ಆದರೆ ಹೊಟ್ಟೆ ತುಂಬ ತಿನ್ನುವಿರಾ ಎಂದು ಕೇಳಿದರಲ್ಲ, ಅದನ್ನೇ ಆಶೀರ್ವಾದ ಎಂದುಕೊಳ್ಳಿ. ಚೋಟುವಿನ ಪರವಾಗಿ ಅವಳ ಬಲಗೈಯ ಗುರುತನ್ನು ಈ ಹಾಳೆಯ ಹಿಂದೆ ನೀಲಿ ಸೀಮೆಸುಣ್ಣದಲ್ಲಿ ಬೆಳಿಗ್ಗೆ ಮನೆಯಲ್ಲೇ ಒತ್ತಿಸಿ ತಂದಿದ್ದೇನೆ. ಎಡಗೈಯದ್ದು ಬರಲಿಲ್ಲ.

ಇಂತಿ,
ಇನ್ನೂ ನಿಮ್ಮವಳೇ ಆದ
ಅಳತೆಯಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದೆ. ಅಂಚೆಯವನು ಪೆಟ್ಟಿಗೆ ತೆರೆಯಲು ಹತ್ತು ನಿಮಿಷ ಇದೆ, ಬೇಗ ಬರೆಯುತ್ತೇನೆ. ನೀವು ಬೋರ್ಡು ಎತ್ತಲಿಲ್ಲ. ತಲೆಯ ಮೇಲೆ ಹೊತ್ತೂ ಇರಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡಿದ್ದಿರಿ. ನಾನು ಏಳುವಾಗ ಈ ಕಡೆ ಇನ್ನೂ ನೋಡಿಯೂ ಇರಲಿಲ್ಲ. ನೀವು ನೀರಿನಿಂದ ಎದ್ದು ನಿಂತದ್ದು ಕಂಡಿತು, ನನಗೆ ಅಷ್ಟೇ ಬೇಕಿತ್ತು. ನೀವು ಬರುವ ತನಕ ಕಾಯಬೇಕಿತ್ತು, ಕಾಯಲಿಲ್ಲ. ಮಗುವನ್ನು ಬಿಟ್ಟು ಓಡಿದವಳು ನಾನು. ತಾತ ಕೇಳಿದಾಗ ಹೆದರಿ ಹಾಗೆಂದೆ. ನೀವು "ಎತ್ತಿದ್ನಾ" ಎಂದಾಗ ಇಲ್ಲ ಎನ್ನಬಹುದಿತ್ತು, ಆಸ್ಪತ್ರೆಯ ಬೆಂಚಿನಲ್ಲಿ ಹೇಳಬಹುದಿತ್ತು, ಬಸ್ಸಿನ ಕಿಟಕಿಯ ಹತ್ತಿರವೂ ಹೇಳಬಹುದಿತ್ತು. ಹದಿಮೂರು ತಿಂಗಳು ಹೇಳಲಿಲ್ಲ. ಚೋಟುವನ್ನು ಎತ್ತಿಕೊಳ್ಳಲು ನಿಮ್ಮ ಕೈಗೆ ಏನೂ ಆಗಿಲ್ಲ, ಯಾವತ್ತೂ ಏನೂ ಆಗಿರಲಿಲ್ಲ. ಅತ್ತೆಗೆ ಇವತ್ತು ಸಂಜೆ ಹೇಳುತ್ತೇನೆ. ಹಾಳೆಗಳಿಗೆ ನಾನು ಸಹಿ ಹಾಕಿಲ್ಲ. ವಕೀಲರ ಹತ್ತಿರ ಹೋಗಿ, ತಕ್ಕವರಲ್ಲ ಎಂದು ಇರುವ ಕಡೆಯಲ್ಲೆಲ್ಲ ನಿಮ್ಮ ಹೆಸರು ತೆಗೆಸಿ ನನ್ನದು ಬರೆಸಿ ಕಳಿಸಿ. ಸಹಿ ಹಾಕುತ್ತೇನೆ.